ನೂರ ತೊಂಬತ್ತು ಡಿಗ್ರಿಯ ಮೈದಾನ

ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸುವ ಸದುದ್ದೇಶದಿಂದ ಏರ್ಪಡಿಸಲಾಗಿದ್ದ ಬೇಸಿಗೆ ವಸತಿ ಶಿಬಿರದಲ್ಲಿ, ತ್ರಿಕೋನದ ಮೂರು ಕೋನಗಳ ಮೊತ್ತ ನೂರ ತೊಂಬತ್ತು ಡಿಗ್ರಿ ಆಗಿತ್ತು. ಶಿಬಿರದ ಕೈಪಿಡಿಯಲ್ಲಿ ಹಾಗೆಂದು ಅಚ್ಚಾಗಿತ್ತು. ಕೈಪಿಡಿಯನ್ನು ಸನ್ಮಾನ್ಯ ಮಂತ್ರಿಗಳು ಬಿಡುಗಡೆ ಮಾಡಿದ್ದರು. ಬಿಡುಗಡೆಯಾದ ಮೇಲೆ ತಪ್ಪಾಗಿರಲು ನಿಯಮಗಳಲ್ಲಿ ಅವಕಾಶವಿರಲಿಲ್ಲ.

ಗಣಿತದ ಮೇಡಂಗೆ ಇದು ಮೊದಲ ದಿನವೇ ಕಣ್ಣಿಗೆ ಬಿದ್ದಿತ್ತು. ಅವರು ಗಂಟಲು ಸರಿಮಾಡಿಕೊಂಡು ಆ ಪುಟ ಹಾರಿಸಿದರು. ಇನ್ನೂ ಕಾಯಂ ಆಗದ ಕೆಲಸ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಹತ್ತು ಡಿಗ್ರಿಗಾಗಿ ಶಿಬಿರದ ನಿರ್ದೇಶಕರನ್ನು ಎದುರುಹಾಕಿಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಆದರೆ ತರಗತಿಯಲ್ಲೊಬ್ಬ ಹುಡುಗಿಯಿದ್ದಳು. ಮಾತೆತ್ತಿದರೆ ‘ಯಾಕೆ’ ಎನ್ನುತ್ತಿದ್ದುದರಿಂದ ಹಾಸ್ಟೆಲ್ಲಿಗೆಲ್ಲ ಅವಳು ಯಾಕಮ್ಮ. ಅವಳು ಕಾಗದದ ತ್ರಿಕೋನ ಕತ್ತರಿಸಿ, ಮೂರು ಮೂಲೆ ಹರಿದು, ಪಕ್ಕಪಕ್ಕದಲ್ಲಿ ಜೋಡಿಸಿಟ್ಟಳು.

“ನೇರ ಗೆರೆ ಬಂತು ಮೇಡಂ. ನೂರ ಎಂಬತ್ತೇ. ಉಳಿದ ಹತ್ತು ಎಲ್ಲಿ?”

“ಶಿಬಿರ ಮುಗಿಯೋವರೆಗೆ ಸುಮ್ನಿರು ತಾಯಿ,” ಎಂದರು ಮೇಡಂ.

ಸುದ್ದಿ ನಿರ್ದೇಶಕರ ಕಿವಿಗೆ ಬಿತ್ತು. ಸಂಜೆಯೊಳಗೆ ಪ್ರಕಟಣೆ ಹೊರಟಿತು: “ಆವರಣದೊಳಗಿನ ತ್ರಿಕೋನಗಳು ಕೈಪಿಡಿಗೆ ಅನುಗುಣವಾಗಿ ವರ್ತಿಸತಕ್ಕದ್ದು. ವ್ಯತಿರಿಕ್ತ ಕೋನಗಳನ್ನು ಅಳೆಯುವುದು, ಬಳಿಯಲ್ಲಿಟ್ಟುಕೊಳ್ಳುವುದು ಅಥವಾ ಇತರರಿಗೆ ತೋರಿಸುವುದು ಶಿಸ್ತುಕ್ರಮಕ್ಕೆ ಅರ್ಹವಾಗಿರುತ್ತದೆ.” ಕೋನಮಾಪಕಗಳು ಕಚೇರಿಯ ಬೀರು ಸೇರಿದವು. ಯಾಕಮ್ಮ ಕ್ಷಮೆ ಕೇಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು ಎಂದಾಯಿತು.

ಅವಳ ಅಮ್ಮ ಫೋನಿನಲ್ಲಿ ಬುದ್ಧಿ ಹೇಳಿದರು. “ಹೂಂ ಅಂದ್ಬಿಡೇ. ಹತ್ತು ಡಿಗ್ರಿ ಏನು ನಮ್ಮನೇದಾ?”

ಯಾಕಮ್ಮ ಹೂಂ ಅನ್ನಲಿಲ್ಲ. ಬಟ್ಟೆ ಮಡಿಸತೊಡಗಿದಳು. ಅದನ್ನು ಬಾಗಿಲಲ್ಲಿ ನಿಂತು ನೋಡಿದ ಮೇಡಂ ಒಳಗೆ ಬಂದರು. ಹುಡುಗಿಯ ಕೈಹಿಡಿದು ಸೀದಾ ನಿರ್ದೇಶಕರ ಕೋಣೆಗೆ ನಡೆದರು.

“ಸರ್, ಇವಳನ್ನ ಕಳಿಸ್ಬೇಡಿ. ನೆಲ ಮಟ್ಟಸವಾಗಿದ್ರೆ ಇವಳು ಹೇಳಿದ್ದು ಸರಿ. ಆದ್ರೆ ಚೆಂಡಿನ ಥರ ಉಬ್ಬಿರೋ ಕಡೆ ತ್ರಿಕೋನ ಎಳೆದ್ರೆ ಮೊತ್ತ ಜಾಸ್ತಿ ಬರುತ್ತೆ. ನೂರ ತೊಂಬತ್ತೂ ಬರಬಹುದು.”

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. “ಹಾಗಾದ್ರೆ ತಪ್ಪು ಪುಸ್ತಕದ್ದಲ್ಲ.”

“ಅಲ್ಲ ಸರ್.”

“ಹುಡುಗೀದೂ ಅಲ್ಲ.”

“ಅಲ್ಲ ಸರ್.”

“ನೆಲದ್ದು,” ಎಂದು ನಿರ್ದೇಶಕರು ತೀರ್ಪಿತ್ತು, ಭಾವಮೈದನಿಗೆ ಫೋನ್ ಮಾಡಿದರು. ಭಾವಮೈದ ಮಣ್ಣಿನ ಗುತ್ತಿಗೆದಾರ.

ದೂರದರ್ಶಕಕ್ಕೆಂದು ಮಂಜೂರಾಗಿದ್ದ ಅನುದಾನವನ್ನು ಭೂಸುಧಾರಣೆಗೆ ವರ್ಗಾಯಿಸಲಾಯಿತು. ಲಾರಿಗಳು ಬಂದವು, ಮೈದಾನ ಉಬ್ಬತೊಡಗಿತು. ಯಾಕಮ್ಮನನ್ನು ಅಳತೆಯ ಉಸ್ತುವಾರಿಗೆ ನೇಮಿಸಿ, ಬೀರುವಿನಿಂದ ಒಂದು ಕೋನಮಾಪಕವನ್ನು ಬಿಡುಗಡೆಗೊಳಿಸಲಾಯಿತು. ಅವಳು ದಿಬ್ಬದ ಮೇಲೆ ದಾರ ಬಿಗಿದು ಅಳೆದಳು. ನೂರ ತೊಂಬತ್ತೇಳು ಬಂತು. ಮಣ್ಣು ಹೆಚ್ಚಾಗಿದೆಯೆಂದು ಅದನ್ನು ತೆಗೆಯಲು ಭಾವಮೈದನಿಗೇ ಇನ್ನೊಂದು ಗುತ್ತಿಗೆ ಕೊಡಲಾಯಿತು.

ತ್ರಿಕೋನವನ್ನೇ ಕೊಂಚ ಚಿಕ್ಕದು ಮಾಡಿದರೆ ಮೊತ್ತ ತಾನೇ ಇಳಿಯುತ್ತದೆ, ಮಣ್ಣು ತೆಗೆಯಬೇಕಿಲ್ಲ ಎಂದು ಯಾಕಮ್ಮನಿಗೆ ಹೊಳೆಯಿತು. ಬಾಯಿ ತೆರೆದಳು, ಮೇಡಂ ಮುಖ ನೋಡಿದಳು. ಮೇಡಂಗೂ ಅದು ಹೊಳೆದಿತ್ತು. ಅವರು ದಿಬ್ಬದ ಕಡೆ ತಿರುಗಿಕೊಂಡರು. ಯಾಕಮ್ಮ ಬಾಯಿ ಮುಚ್ಚಿದಳು.

ಸಮಾರೋಪಕ್ಕೆ ಮಂತ್ರಿಗಳು ಬಂದರು. ಇಬ್ಬರು ಹಿಡಿದುಕೊಂಡು ಅವರನ್ನು ದಿಬ್ಬ ಹತ್ತಿಸಿದರು. ಯಾಕಮ್ಮ ಎಲ್ಲರೆದುರು ಕೋನಗಳನ್ನು ಅಳೆದು ಕೂಡಿದಳು. ನೂರ ತೊಂಬತ್ತು, ಕರಾರುವಾಕ್ಕಾಗಿ. ತನಗೇ ಬೇಡವೆನಿಸಿದರೂ ಅವಳ ಮುಖ ಅರಳಿತು. ಚಪ್ಪಾಳೆಯ ಸದ್ದಿನಲ್ಲಿ ಮೇಡಂ ಕೆಲಸ ಕಾಯಂ ಆಯಿತು, ಹುಡುಗಿಗೆ ಮೊದಲ ಬಹುಮಾನ ಬಂತು. ಮಟ್ಟಸವಾದ ಮೈದಾನವುಳ್ಳ ಇತರ ಶಾಲೆಗಳಿಗೆ ಕಾರಣ ಕೇಳಿ ನೋಟಿಸು ಹೋಯಿತು.

ಮರುವರ್ಷದ ಶಿಬಿರದ ತರಗತಿಗಳು ದಿಬ್ಬದ ಮೇಲೆಯೇ ನಡೆದವು. ಜಾರದಂತೆ ಹಿಮ್ಮಡಿ ಊರಿ ಕೂರುವುದನ್ನು ಮೇಡಂ ಮೊದಲ ಪಾಠದಲ್ಲೇ ಕಲಿಸಿದರು. ಹಿರಿಯ ವಿದ್ಯಾರ್ಥಿನಿಯಾಗಿ ಯಾಕಮ್ಮ ಅವರಿಗೆ ನೆರವಾಗುತ್ತಿದ್ದಳು.

ಹೊಸ ಹುಡುಗಿಯೊಬ್ಬಳು ಜಾರಿ, ಮೊಣಕೈ ತರಚಿಕೊಂಡು ಎದ್ದಳು. “ಅಕ್ಕಾ, ಈ ಮಣ್ಣನ್ನೆಲ್ಲ ತೆಗೆದು ಮಟ್ಟ ಮಾಡಬಾರದಾ?”

ಯಾಕಮ್ಮ ಅವಳ ಮೊಣಕೈ ಒರೆಸುತ್ತ ಸಮಾಧಾನದಿಂದ ಹೇಳಿದಳು, “ಮಟ್ಟ ಮಾಡಿದ್ರೆ ಲೆಕ್ಕ ತಪ್ಪಾಗುತ್ತಲ್ಲ ಪುಟ್ಟಿ.”