ಮೂರನೆಯ ಹಂತದಲ್ಲಿ ಬಂದ ಹುಂಜ

ಶಿಕ್ಷಕರ ತರಬೇತಿ ಮುಗಿಸಿ ವೇಣೂರಿನ ಬಳಿಯ ಶಾಲೆಗೆ ಬಂದಾಗ, ಪಾಠ ಮಾಡುವ ವಿದ್ಯೆಯನ್ನು ಅರೆದು ಕುಡಿದವನು ನಾನೊಬ್ಬನೇ ಎಂದು ನಂಬಿದ್ದೆ. ಪೀಠಿಕೆ, ನಿರೂಪಣೆ, ಹೋಲಿಕೆ, ನಿಷ್ಕರ್ಷೆ, ಪ್ರಯೋಗ. ಈ ಐದು ಹಂತ ಬಿಟ್ಟರೆ ಅದು ಪಾಠವೇ ಅಲ್ಲ! ಬೆಳ್ತಂಗಡಿಯಿಂದ ಇನ್ಸ್‌ಪೆಕ್ಟರರು ಬಂದು ನನ್ನ ಪಾಠ ನೋಡಿ ಒಪ್ಪಿದರೆ ಕೆಲಸ ಕಾಯಂ ಆಗುತ್ತಿತ್ತು.

ವಿಷಯ ಪಕ್ಷಿಗಳು. ಜೀವಂತ ಪಾಠೋಪಕರಣವೇ ಬೇಕೆಂದು ನೆರೆಮನೆಯ ಬಾಬು ಶೆಟ್ಟರ ಹುಂಜವನ್ನು ಕೇಳಲು ಹೊರಟೆ.

"ನಮ್ಮ ಹೇಂಟೆ ಸಾಲದಾ?" ಎಂದಳು ಹೆಂಡತಿ ಗಿರಿಜೆ.

"ಹೇಂಟೆಗೆ ಅಂಥ ಜುಟ್ಟು ಎಲ್ಲುಂಟು? ಪಾಠಕ್ಕೆ ಒಂದು ಗಾಂಭೀರ್ಯ ಬೇಡವಾ?"

ಶೆಟ್ಟರು ಹುಂಜ ಕೊಡುತ್ತಾ, "ಮಾಸ್ಟ್ರೇ, ಇದು ಕೋಳಿ ಅಂಕದಲ್ಲಿ ಕಾದಾಡುವ ಹುಂಜ. ಬೇರೆ ಹುಂಜದ ಮುಖ ತೋರಿಸ್ಬೇಡಿ" ಎಂದರು.

"ನನ್ನ ಕ್ಲಾಸಿಗೆ ಬೇರೆ ಹುಂಜ ಎಲ್ಲಿಂದ ಬರ್ತದೆ ಶೆಟ್ರೇ!" ಎಂದು ನಕ್ಕೆ.

ಮೊದಲೆರಡು ಹಂತ ಸರಾಗವಾಗಿ ಮುಗಿದವು. ಇನ್ಸ್‌ಪೆಕ್ಟರರು ತಲೆದೂಗಿದರು. ಮೂರನೆಯದು ಹೋಲಿಕೆ. ಹೋಲಿಸಲು ನಾನು ಏನನ್ನೂ ತಂದಿರಲಿಲ್ಲ! ಮಕ್ಕಳ ಕಡೆ ತಿರುಗಿದೆ.

"ಮಕ್ಕಳೇ, ಹೋಲಿಸ್ಲಿಕ್ಕೆ ಇನ್ನೊಂದು ಕೋಳಿ ಯಾರ ಮನೆಯಲ್ಲುಂಟು?"

ಶಾಲೆಯ ಎದುರು ಮನೆಯ ಹುಡುಗ ಲೋಕು ಓಡಿದ. ನನ್ನ ಮನಸ್ಸಿನಲ್ಲಿದ್ದದ್ದು ಒಂದು ಬಡಪಾಯಿ ಹೇಂಟೆ. ಆದರೆ ಅಂಕದ ಹುಂಜದೆದುರು ಹೇಂಟೆ ತಂದು ನಿಲ್ಲಿಸುವ ಅವಮಾನವನ್ನು ನಮ್ಮ ಕಡೆಯ ಯಾವ ಮಗು ಮಾಡೀತು? ತೂಕ, ಎತ್ತರ ಸರಿದೂಗುವ ಹುಂಜವನ್ನೇ ತಂದ!

ಆಮೇಲೆ ರೆಕ್ಕೆ, ಧೂಳು, ಶಾಯಿ. ಅರ್ಧ ತರಗತಿ ಒಂದು ಹುಂಜದ ಕಡೆ, ಅರ್ಧ ಇನ್ನೊಂದರ ಕಡೆ. "ಸೈಲೆನ್ಸ್!" ಎಂದು ಕಿರುಚಿದೆ. ಇನ್ಸ್‌ಪೆಕ್ಟರರು ಕುರ್ಚಿ ಹತ್ತಿ ನಿಂತಿದ್ದರು.

"ಸ್ವಲ್ಪ ಬದಿಗೆ ನಿಲ್ಲಿ ಮಾಸ್ಟ್ರೇ, ಕಾಣುದಿಲ್ಲ!" ಎಂದರು ಅಲ್ಲಿಂದಲೇ.

ಇದು ಯಾರ ಪಾಠ, ಇಲ್ಲಿ ಮಾಸ್ಟರು ಯಾರು, ನನಗೊಂದೂ ತಿಳಿಯಲಿಲ್ಲ.

ಶೆಟ್ಟರ ಹುಂಜ ಕಪ್ಪು ಹಲಗೆಯ ಹಿಂದಕ್ಕೆ ಓಡಿತು. ಅಂಕದಲ್ಲಿ ಓಡಿದರೆ ಸೋತಂತೆ. ಸೋತ ಹುಂಜ ಗೆದ್ದವರ ಪಾಲು. ನಾಲ್ಕನೆಯ ಹಂತವಾದ ನಿಷ್ಕರ್ಷೆಯನ್ನು ಇನ್ಸ್‌ಪೆಕ್ಟರರೇ ನೆರವೇರಿಸಿದರು: "ಹುಂಜ ಲೋಕುವಿಗೆ!"

"ಸಾರ್, ನನ್ನ ಕಾಯಂ?" ಎಂದೆ. ಅಳು ಬರುವುದೊಂದೇ ಬಾಕಿ.

"ಮಕ್ಕಳು ಇಷ್ಟು ಚಂದ ಪಾಠದಲ್ಲಿ ಸೇರಿದ್ದು ನಾನು ಎಲ್ಲಿಯೂ ಕಾಣಲಿಲ್ಲ. ಆದ್ರೆ ನೀವು ಕಲಿಸಿದ್ದು ಯಾವಾಗ ಮಾರಾಯ್ರೇ? ಇನ್ನೊಂದು ವರ್ಷ ನೋಡುವ."

ಸಂಜೆ ಶೆಟ್ಟರು ಬಂದು ನಮ್ಮ ಹೇಂಟೆಯನ್ನು ಎತ್ತಿಕೊಂಡು ಹೋದರು.

"ಐದನೇದು ಎಂಥದೋ ಉಂಟಲ್ಲ, ಅದಾದ್ರೂ ಆಯ್ತಾ?" ಗಿರಿಜೆ ಕೇಳಿದಳು.

ಆಯಿತು. ಪ್ರಯೋಗ ಲೋಕುವಿನ ಮನೆಯ ಅಡುಗೆಕೋಣೆಯಲ್ಲಿ ನಡೆಯಿತು. ಬಸ್ಸು ತಪ್ಪಿದ ಇನ್ಸ್‌ಪೆಕ್ಟರರೂ ರೊಟ್ಟಿಯ ಜೊತೆ ಅದನ್ನು ಎರಡೆರಡು ಬಾರಿ ಪರೀಕ್ಷಿಸಿದರಂತೆ. ನನ್ನನ್ನು ಯಾರೂ ಕರೆಯಲಿಲ್ಲ!