ಬಸ್ಸು ತಟ್ಟಿ ನೋಡಿದ್ದು

ಏನನ್ನೇ ಕೊಳ್ಳಲಿ, ಮೊದಲು ತಟ್ಟಿ ನೋಡುವುದು ನನ್ನ ಚಾಳಿ. ತೆಂಗಿನಕಾಯಿ, ಕಲ್ಲಂಗಡಿ, ಮಡಕೆ, ಬಾಗಿಲು, ಯಾವುದೂ ನನ್ನ ಬೆರಳಿನಿಂದ ತಪ್ಪಿಸಿಕೊಂಡಿಲ್ಲ. ತಟ್ಟಿದ ಮೇಲೆ ಕಿವಿ ಹತ್ತಿರ ಒಯ್ದು, ಕಣ್ಣು ಅರ್ಧ ಮುಚ್ಚಿ, ‘ಹೂಂ’ ಅನ್ನುತ್ತೇನೆ. ಆ ಸದ್ದಿನಿಂದ ಏನು ತಿಳಿಯಿತು ಅಂತ ಮಾತ್ರ ಕೇಳಬೇಡಿ. ಇವತ್ತಿನವರೆಗೂ ನನಗೆ ಏನೂ ತಿಳಿದಿಲ್ಲ. ನಾನು ತಟ್ಟಿ ಆರಿಸಿ ತಂದ ಕಲ್ಲಂಗಡಿಗಳೆಲ್ಲ ಒಳಗೆ ಬೆಳ್ಳಗೇ ಇರುತ್ತವೆ. ಆದರೂ ತಟ್ಟದೆ ತೆಗೆದುಕೊಂಡರೆ ಅಂಗಡಿಯವನು ಇವನೊಬ್ಬ ಪೆದ್ದ ಅಂದುಕೊಳ್ಳುತ್ತಾನಲ್ಲ, ಅದಕ್ಕೆ ತಟ್ಟುತ್ತೇನೆ. ಇಂಥ ನಾನು, ಮನೆ ಮಾಡಿಕೊಳ್ಳಲು ಹಳೇ ಬಸ್ಸೊಂದನ್ನು ನೋಡಹೋದೆ.

ಬಸ್ಸಿನಲ್ಲಿ ಸಂಸಾರ ಹೂಡುವ ಹುಚ್ಚು ಸುಮ್ಮನೆ ಹತ್ತಿದ್ದಲ್ಲ. ಹೊನ್ನಾಳಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ವಾಸ ಬಾಡಿಗೆ ಮನೆಯ ಮಹಡಿಯಲ್ಲಿ. ಕೆಳಗಿರುವ ಮನೆ ಒಡತಿಗೆ ನಮ್ಮ ಮೆಟ್ಟಿಲ ಮೇಲೆ ಹೊಸ ಚಪ್ಪಲಿ ಕಂಡರೆ ಸಾಕು, ನೀರಿನ ಮೋಟರು ಬಂದ್. ಒಮ್ಮೆ ಜಗಳೂರಿನಿಂದ ನನ್ನ ಹೆಂಡತಿ ಗಿರಿಜಾಳ ತಂಗಿ ಮಕ್ಕಳೊಂದಿಗೆ ಬಂದಿದ್ದಳು. ಒಡತಿ ಮೆಟ್ಟಿಲ ಬುಡದಲ್ಲಿ ನಿಂತು, “ಇನ್ನೂ ಎಷ್ಟು ದಿನ ಇರ್ತಾರಂತೆ?” ಅಂತ ಅವರಿಗೆ ಕೇಳುವಂತೆಯೇ ಕೇಳಿದಳು. ಆ ತಾಯಿ ಮಕ್ಕಳು ಊಟ ಮುಗಿಸಿದವರೇ ಬ್ಯಾಗು ಎತ್ತಿಕೊಂಡು ಹೊರಟುಬಿಟ್ಟರು. ಗಿರಿಜಾ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ಅತ್ತಳು. “ನಾಕು ಜನ ಬಂದು ಕುಂದ್ರಾಕೆ ನಮ್ದು ಅಂತ ಒಂದು ಜಾಗ ಬ್ಯಾಡೇನ್ರೀ?” ಅಂದಳು. ಸಾಸ್ವೆಹಳ್ಳಿ ರಸ್ತೆಯಲ್ಲಿ ನಮ್ಮದೊಂದು ಸೈಟಿದೆ. ಅದರ ಮೇಲೆ ಗೋಡೆ ಎಬ್ಬಿಸುವ ಶಕ್ತಿ ಇಲ್ಲ. ಫೋನಿನಲ್ಲಿ ಯಾರೋ ಹಳೇ ಬಸ್ಸನ್ನು ಮನೆ ಮಾಡಿಕೊಂಡ ವಿಡಿಯೋ ನೋಡಿದ್ದೇ ತಡ, ನನ್ನ ತಲೆಯೊಳಗೆ ಬಸ್ಸು ಬಂದು ನಿಂತಿತು.

“ಬಸ್ಸಿನಾಗೆ ಬಾಳೇವಾ? ಯಾರಾದ್ರೂ ಕೇಳಿದ್ರೆ ನಕ್ಕಾರು! ಇರ್ಲಿ, ನಾನೂ ಬಂದು ನೋಡ್ತೀನಿ. ನಾನು ಬ್ಯಾಡ ಅಂದ್ರೆ ಬ್ಯಾಡ, ಅಷ್ಟೇ,” ಅಂದಳು ಗಿರಿಜಾ. ಹೀಗಾಗಿ ಬಸ್ಸಿನ ಭವಿಷ್ಯ ಅವಳ ಒಂದು ಮಾತಿನ ಮೇಲೆ ನಿಂತಿತು.

ಬಸ್ಸು ನ್ಯಾಮತಿಯ ರಸ್ತೆ ಬದಿಯಲ್ಲಿತ್ತು. ಚನ್ನಗಿರಿ ಕಡೆ ಓಡಾಡಿ ಓಡಾಡಿ ಸಾಕಾಗಿ ನಿಂತ ಖಾಸಗಿ ಬಸ್ಸು. ಅದನ್ನು ಅಷ್ಟೂ ವರ್ಷ ಓಡಿಸಿದ ಡ್ರೈವರ್ ರುದ್ರಪ್ಪನೇ ತೋರಿಸಲು ಬಂದಿದ್ದ. ಮದುವೆ ಹೆಣ್ಣಿನ ಹಾಗೆ ತೊಳೆದು ನಿಲ್ಲಿಸಿದ್ದ. ಗಿರಿಜಾ ತನ್ನ ಬ್ಯಾಗನ್ನು ನನ್ನ ಹೆಗಲಿಗೆ ತಗುಲಿಸಿ ಒಳಗೆ ಹೋದಳು. ಒಲೆ ಎಲ್ಲಿ, ಮಂಚ ಎಲ್ಲಿ ಅಂತ ಗೇಣು ಹಾಕತೊಡಗಿದಳು. ನಾನು ವಿಡಿಯೋದಲ್ಲಿ ಹೇಳಿದ ಹಾಗೆ ಬಸ್ಸಿನಡಿ ನುಗ್ಗಿ ತುಕ್ಕು ಹುಡುಕಿದೆ. ತುಕ್ಕು ಯಾವುದು, ಕೆಸರು ಯಾವುದು ಗೊತ್ತಾಗಲಿಲ್ಲ. ಅಂಗಿಗೆ ಗ್ರೀಸು ಮೆತ್ತಿಕೊಂಡು ಹೊರಬಂದು, “ಸ್ಟಾರ್ಟ್ ಮಾಡ್ರಿ ರುದ್ರಪ್ಪ, ಹೊಗೆ ಬಣ್ಣ ನೋಡ್ಬೇಕು,” ಅಂತ ಗತ್ತಿನಿಂದ ಹೇಳಿ ಹಿಂಭಾಗಕ್ಕೆ ಹೋದೆ.

ನಾನು ಹಿಂದೆ ಹೊಗೆಯನ್ನು ಅಧ್ಯಯನ ಮಾಡುತ್ತಿದ್ದಾಗ ಮುಂದೆ ನಡೆದದ್ದೇ ಬೇರೆ. ಸೂರಗೊಂಡನಕೊಪ್ಪಕ್ಕೆ ಹೋಗಲು ಅಲ್ಲೇ ಮರದಡಿ ಬಹಳ ಹೊತ್ತಿನಿಂದ ಕಾಯುತ್ತಿದ್ದ ಜನ, ತೊಳೆದ ಬಸ್ಸೊಂದು ಗುರ್ ಅಂದರೆ ಬಿಟ್ಟಾರೆಯೇ? ಕಿಟಕಿಯಿಂದ ಟವೆಲ್ಲು, ಚೀಲ, ಒಂದು ಮಗು, ಎಲ್ಲವನ್ನೂ ಒಳಗೆ ಹಾಕಿ ಸೀಟು ಹಿಡಿದರು. ಇಂಜಿನ್ನಿನ ಗದ್ದಲದಲ್ಲಿ ನನಗೆ ಏನೂ ಕೇಳಲಿಲ್ಲ. ಹೊಗೆ ಹೊಗೆಯ ಬಣ್ಣದಲ್ಲೇ ಇತ್ತು. ಇನ್ನು ಹಿಂಬದಿಯ ತಗಡೊಂದು ಉಳಿದಿತ್ತು. ಗಟ್ಟಿಯಿದೆಯೋ ಇಲ್ಲವೋ ಅಂತ ಅಂಗೈಯಿಂದ ಎರಡು ಸಲ ಧಡ್ ಧಡ್ ಅಂತ ತಟ್ಟಿದೆ.

ಬಸ್ಸಿಗೆ ಎರಡು ಏಟು ಹಾಕಿದರೆ ಏನರ್ಥ ಅಂತ ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಬಸ್ಸು ಹೊರಟೇಬಿಟ್ಟಿತು. ನನ್ನ ಮನೆ, ಮನೆಯೊಳಗೆ ನನ್ನ ಹೆಂಡತಿ! “ಹೋಯ್, ನಿಲ್ಸ್ರೀ!” ಅಂತ ಓಡಿದೆ. ಹಿಂದಿನ ಕಿಟಕಿಯಿಂದ ಒಬ್ಬ ಅಜ್ಜ ತಲೆ ಹಾಕಿ, “ಓಡಬ್ಯಾಡಪ್ಪೋ, ಬಿದ್ಗಿದ್ದೀಯ! ಹಿಂದೆ ಇನ್ನೊಂದು ಬರ್ತೈತೆ,” ಅಂತ ಅಕ್ಕರೆಯಿಂದ ಹೇಳಿದ. ಗಿರಿಜಾಳಿಗೆ ಫೋನ್ ಮಾಡಿದೆ. ನನ್ನ ಹೆಗಲ ಮೇಲಿನ ಬ್ಯಾಗಿನೊಳಗೆ ರಿಂಗಾಯಿತು.

ಯಾವುದೋ ಲಗೇಜ್ ಆಟೋದಲ್ಲಿ, ಗೊಬ್ಬರದ ಚೀಲಗಳ ಮೇಲೆ ಕೂತು ಸೂರಗೊಂಡನಕೊಪ್ಪ ತಲುಪುವ ಹೊತ್ತಿಗೆ ನನ್ನ ಪಿತ್ತ ನೆತ್ತಿಗೇರಿತ್ತು. “ಏನ್ರೀ ರುದ್ರಪ್ಪ, ನಿಮಗೆ ಬುದ್ಧಿ ಐತಾ?” ಅಂದೆ. ಅವನು ಕಣ್ಣು ಬಿಟ್ಟ. “ನೀವೇ ರೈಟ್ ಕೊಟ್ರಲ್ಲ ಸಾರ್! ಎರಡು ಏಟು ಬಿದ್ರೆ ನನ್ ಕಾಲು ತಾನಾಗೇ ಕ್ಲಚ್ ಬಿಡ್ತೈತೆ. ಆಮ್ಯಾಲೆ ನೋಡಿದ್ರೆ ಬಸ್ ತುಂಬೈತೆ. ಹತ್ತಿದೋರ್ನ ಇಳಿಸಾಕೆ ಮನಸು ಬರಲಿಲ್ಲ.”

ಅಷ್ಟು ಹೊತ್ತಿಗೆ ನ್ಯಾಮತಿಗೆ ವಾಪಸ್ ಹೋಗುವವರು ಆಗಲೇ ತುಂಬಿಕೊಂಡಿದ್ದರು. ಗಿರಿಜಾ ಕಿಟಕಿ ಪಕ್ಕ ಕೂತಿದ್ದಳು. ತೊಡೆಯ ಮೇಲೆ ಯಾರದೋ ಮಗು, ಕೈಯಲ್ಲಿ ಯಾರೋ ಕೊಟ್ಟ ರೊಟ್ಟಿ. ಅಳುತ್ತಿದ್ದಾಳೇನೋ ಅಂತ ಹೆದರಿ ಬಂದಿದ್ದೆ. ಆ ಮುಖದಲ್ಲಿ ಅಷ್ಟು ನಗು ನೋಡಿ ಎಷ್ಟು ಕಾಲವಾಗಿತ್ತೋ.

“ಏನ್ರೀ, ತಗಳಾಣ!” ಅಂದಳು. “ನೋಡ್ರಿ, ಎಷ್ಟು ಜನ ಹಿಡಿಸ್ತಾರೆ! ಜಗಳೂರಿನೋರೆಲ್ಲಾ ಒಟ್ಟಿಗೇ ಬರ್ಲಿ ಈಗ.”

“ತುಕ್ಕು ಹಿಡಿದೈತೇನೋ ಅಂತ ಇನ್ನೂ ಅನುಮಾನ...” ಅಂದೆ.

“ಹಿಡಿದಿದ್ರೆ ಬಣ್ಣ ಹೊಡಸಾಣ ಬಿಡ್ರಿ.”

ನನ್ನ ಅಷ್ಟೂ ಪರೀಕ್ಷೆ ಅಲ್ಲಿಗೆ ಮುಗಿಯಿತು. ಹತ್ತಲು ಹೋದೆ. ಬಾಗಿಲಲ್ಲಿ ನಿಂತಿದ್ದ ದಪ್ಪ ಮೀಸೆಯವರು ಕೈ ಅಡ್ಡ ಹಿಡಿದು, “ಜಾಗ ಇಲ್ಲ ಸ್ವಾಮಿ, ಮುಂದಿನ ಬಸ್ಸಿಗೆ ಬರ್ರಿ,” ಅಂದರು. “ಇದು ನನ್ನ ಮನೆ ಕಣ್ರೀ!” ಅಂತ ಕೂಗಿದೆ. ಇಡೀ ಬಸ್ಸು ಗೊಳ್ಳೆಂದಿತು. ಕೊನೆಗೆ ಒಳಗಿನಿಂದ ಗಿರಿಜಾ, “ಅಣ್ಣಾ, ಒಂಚೂರು ಹತ್ತಿಸ್ಕಳ್ರಿ, ನಮ್ಮನೇರು,” ಅಂತ ಶಿಫಾರಸು ಮಾಡಿದ ಮೇಲೆ ಅವರು ಸರಿದರು.

ಹೊಸ ಮನೆಗೆ ಬಲಗಾಲಿಟ್ಟು ಹೋಗಬೇಕಂತೆ. ನನಗೆ ಸಿಕ್ಕಿದ್ದು ಫುಟ್‌ಬೋರ್ಡಿನ ಮೇಲೆ ಒಂದೇ ಕಾಲಿನ ಜಾಗ. ಅದು ಬಲಗಾಲೋ ಎಡಗಾಲೋ ಅಂತ ಬಗ್ಗಿ ನೋಡಿಕೊಳ್ಳುವಷ್ಟೂ ಎಡೆಯಿರಲಿಲ್ಲ. ಇನ್ನೊಂದು ಕಾಲು ನ್ಯಾಮತಿಯವರೆಗೂ ಮನೆಯ ಹೊರಗೇ ಇತ್ತು.