ಕುಕ್ಕುವ ಸರದಿಯಲ್ಲಿ ನನ್ನ ನಂಬರು

ನಾನು ಸಂಶಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಬೆಳಿಗ್ಗೆ ಮಕ್ಕಳಿಗೆ ಹೇಳಿದ ಪಾಠ ಮಧ್ಯಾಹ್ನದೊಳಗೆ ನನಗೇ ತಿರುಗಿ ಬರುವುದು ನನ್ನ ನೌಕರಿಯ ಸಂಪ್ರದಾಯ. ಈ ವರ್ಷವಂತೂ ಎರಡೇ ಎರಡು ಇಂಗ್ಲಿಷ್ ಶಬ್ದ ನನ್ನ ಮಾನ ಕಳೆದವು: ಪೆಕಿಂಗ್ ಆರ್ಡರ್, ಅಂದರೆ ಕುಕ್ಕುವ ಸರದಿ.

೧. ಕೋಳಿ ಬ್ಯಾಡ್ರಿ

ಒಂಬತ್ತನೇ ಕ್ಲಾಸಿನ ಬೋರ್ಡಿನ ಮೇಲೆ ಕೋಳಿ ಬರೆದು ಆ ಮಾತಿನ ಹುಟ್ಟು ಹೇಳುತ್ತಿದ್ದೆ. "ಯುರೋಪಿನ್ಯಾಗ ಒಬ್ಬಾಂವ ಕೋಳಿ ನೋಡಕೋತ ಕುಂತಿದ್ದ. ಕಾಳು ಹಾಕಿದ್ರ ಎಲ್ಲಾ ಕೋಳಿ ಒಮ್ಮೆಲೇ ತಿನ್ನಂಗಿಲ್ಲ. ಮೊದಲನೇದು ಎರಡನೇದಕ್ಕ ಕುಕ್ಕತೈತಿ, ಎರಡನೇದು ಮೂರನೇದಕ್ಕ. ಕಡೀದು ಎಲ್ಲಾರ ಕಡಿಂದ ಕುಕ್ಕಿಸಿಕೊಂಡು ಉಳಿದದ್ದು ತಿಂತೈತಿ. ಆಫೀಸಿನ್ಯಾಗ ಮ್ಯಾಲಿನಾಂವ ಕೆಳಗಿನಾಂವಗ ದಬಾಯಿಸೂದಕ್ಕೂ ಇದ ಮಾತು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಡ್‌ಮಾಸ್ತರರು ಒಳಗೆ ಬಂದರು. ಲಿಂಗಪೂಜೆಯಾಗದೆ ನೀರೂ ಮುಟ್ಟದವರು.

"ಮಾಸ್ತರ, ಸಾಲ್ಯಾಗ ಕೋಳಿ ಸುದ್ದಿ ಯಾಕ್ರಿ? ಆಕಳಾ ಇಟಗೊಳ್ರಿ."

"ಸರ, ಆಕಳಾ ಕುಕ್ಕಂಗಿಲ್ರಿ."

"ಕೋಡಿಲೆ ಹಾಯತೈತಲ್ರಿ? ಅಷ್ಟ ಸಾಕು."

ಯುರೋಪಿನ ಪಂಡಿತನಿಗಿಂತ ನಮ್ಮ ಹೆಡ್‌ಮಾಸ್ತರರು ಹತ್ತಿರದವರು. ಆ ದಿನ ಬೆಲ್ ಆಗುವುದರೊಳಗೆ ನನ್ನ ಕೋಳಿಗೆ ಎರಡು ಕೋಡು ಬಂದವು.

೨. ಇಟ್ಟಂಗಿಯ ಖುರ್ಚಿ

ನಮ್ಮ ಸ್ಟಾಫ್ ರೂಮಿನಲ್ಲಿ ಚಹಾಕ್ಕೆ ಸರದಿ ಇದೆ. ಹೆಡ್‌ಮಾಸ್ತರರು, ಗಣಿತದವರು, ಕನ್ನಡದವರು, ಡ್ರಿಲ್ ಮಾಸ್ತರರು, ಕಡೆಗೆ ನಾನು. ನನ್ನ ಪಾಲಿಗೆ ಬರುವುದು ಕಿಟ್ಲಿಯ ತಳದ ಆರಿದ ಚಹಾ. ಖುರ್ಚಿಗಳಲ್ಲೂ ಅದೇ ಸರದಿ. ನನ್ನದಕ್ಕೆ ಮೂರು ಕಾಲು, ನಾಲ್ಕನೆಯದು ಇಟ್ಟಂಗಿ. ಎರಡು ವರ್ಷದಿಂದ ಅದರ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದೆ. ನಗಬೇಡಿ, ನನಗೆ ನಿಜವಾಗಿಯೂ ಬೇಜಾರಾಗುತ್ತಿತ್ತು.

ಚಹಾ ಮಾಡುವವಳು ಬಿಸಿಯೂಟದ ಅಡುಗೆಯ ಅಕ್ಕ. ಅವಳ ಮನೆಯಲ್ಲಿ ಕೋಳಿ ಇವೆ. ಅವಳಿಗೂ ನನ್ನ ಪಾಂಡಿತ್ಯ ಬಿಚ್ಚಿದೆ.

"ಇಷ್ಟ ನೋಡಾಕ ಆ ಮನಶ್ಯಾ ಯುರೋಪಿನ್ಯಾಗ ಯಾಕ ಕುಂತಿದ್ದ ಸರ? ಇಲ್ಲಿ ಬಂದಿದ್ರ ಒಂದ ಕಿಟ್ಲಿ ಚಹಾದಾಗ ಮುಗೀತಿತ್ತು" ಅಂದಳು.

"ಅದಿರಲಿ ಅಕ್ಕಾ, ಕಡೀ ಕೋಳಿ ಮುಂದ ಬರೂದು ಯಾವಾಗ?"

"ಹೊಸಾ ಕೋಳಿ ತಂದು ಬಿಟ್ಟಾಗ್ರಿ ಸರ."

ಉಳಿದ ಮಾಸ್ತರರು ದೇವರಿಗೆ ಕಾಯಿ ಒಡೆಸಿ ವರ್ಗಾವಣೆ ಬೇಡುತ್ತಾರೆ. ನಾನು ಒಂದು ಕೋಳಿ ಬೇಡಿಕೊಂಡೆ.

೩. ಬಂತು ಕೋಳಿ

ಮಳೆಗಾಲ ಸುರುವಾಗುತ್ತಲೇ ಮಿಶ್ರಿಕೋಟಿ ಕಡೆಯಿಂದ ವಿಜ್ಞಾನದ ಹೊಸ ಟೀಚರು ಬಂದರು. ನನಗಿಂತ ಚಿಕ್ಕವರು, ಮಾತು ಕಡಿಮೆ. ಹರಕೆ ಫಲಿಸಿತು! ಅವರಿಗೆಂದು ತರಿಸಿದ ನಾಲ್ಕು ಕಾಲಿನ ಹೊಸ ಖುರ್ಚಿಯನ್ನು ನಾನು ಹಿಡಿದೆ. ನನ್ನ ಕರವಸ್ತ್ರದಿಂದಲೇ ಇಟ್ಟಂಗಿಯ ಖುರ್ಚಿ ಒರೆಸಿ, "ಕುಂದರ್ರಿ ಮೇಡಮ್, ಇನ್ನ ಇದು ನಿಮ್ಮದು" ಅಂದೆ. ಅವರು ಇಟ್ಟಂಗಿ ನೋಡಿ ಕಿಟಕಿಯ ಕಟ್ಟೆಯ ಮೇಲೆ ಕೂತರು.

ಅಂದು ಚಹಾ ನನಗೆ ನಾಲ್ಕನೆಯವನ ಬೆನ್ನಿಗೇ ಬಿಸಿಬಿಸಿಯಾಗಿ ಬಂತು. ಕಪ್ಪನ್ನು ಟೇಬಲ್ ಮೇಲಿಟ್ಟು, ಎದ್ದು ನಿಂತು ಮೇಡಮ್‌ಗೆ ಭಾಷಣ ಸುರು ಮಾಡಿದೆ. ಪೆಕಿಂಗ್ ಆರ್ಡರ್ ಅಂದರೇನು, ಹುಟ್ಟಿದ್ದೆಲ್ಲಿ, ಹಳಬರ ಮುಂದೆ ಹೊಸಬರು ಹೇಗಿರಬೇಕು. ಹೆಡ್‌ಮಾಸ್ತರರು ನನಗೆ ಎರಡು ವರ್ಷದಲ್ಲಿ ಅಷ್ಟು ಕುಕ್ಕಿರಲಿಲ್ಲ.

ಮೇಡಮ್ ಪೂರ್ತಿ ಕೇಳಿದರು. "ಹೌದ್ರಿ ಸರ. ನಮ್ಮ ಮನ್ಯಾಗೂ ಕೋಳಿ ಅದಾವು. ಕಾಳು ಒಂದ ಕಡೆ ಹಾಕಿದ್ರ ಕುಕ್ಯಾಡತಾವು. ಅದಕ್ಕ ನನ್ನ ಕಾಳು ನಾನ ತಂದೇನಿ" ಎಂದು ಚೀಲದಿಂದ ಥರ್ಮಾಸ್ ತೆಗೆದರು.

ಶುಂಠಿ ಚಹಾದ ವಾಸನೆ ಕೋಣೆಯೆಲ್ಲ ಹಬ್ಬಿತು. ಹೆಡ್‌ಮಾಸ್ತರರು ತಮ್ಮ ಕಪ್ಪಿನ ಚಹಾ ಕಿಟಕಿಯಿಂದಾಚೆ ಚೆಲ್ಲಿ ಖಾಲಿ ಕಪ್ಪು ಚಾಚಿದರು: "ನೋಡೂಣು, ಇಷ್ಟ ಹಾಕ್ರಿ." ಹಿಂದೆ ಗಣಿತ, ಆಮೇಲೆ ಕನ್ನಡ. ಡ್ರಿಲ್ ಮಾಸ್ತರರಂತೂ ಮೇಡಮ್‌ಗೆ ತಮ್ಮ ಖುರ್ಚಿ ಕೊಟ್ಟು, ತಾವು ನನ್ನ ಹೊಸ ಖುರ್ಚಿಯಲ್ಲಿ ಕೂತು ಕಪ್ಪು ಹಿಡಿದರು. ನನ್ನ ಸರದಿ ಬಂದಾಗ ಥರ್ಮಾಸ್ ಬೋರಲಾಯಿತು, ಎರಡು ಹನಿ ಬಿದ್ದವು.

"ಮುಗೀತ್ರಿ ಸರ" ಅಂದರು ಮೇಡಮ್. ಪಾಪ, ಅವರಿಗೆ ನಿಜವಾಗಿಯೂ ಕೆಟ್ಟದೆನಿಸಿತ್ತು.

ಟೇಬಲ್ ಮೇಲಿನ ನನ್ನ ಚಹಾ ಭಾಷಣದಲ್ಲಿ ಆರಿಹೋಗಿತ್ತು. ಖಾಲಿ ಉಳಿದದ್ದು ಇಟ್ಟಂಗಿಯ ಖುರ್ಚಿಯೊಂದೇ. ಹೋಗಿ ಕೂತೆ.

ಅಕ್ಕ ಕಪ್ಪು ಎತ್ತುತ್ತ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು: "ಮೊದಲ ನಿಮ್ಮದು ಐದನೇ ನಂಬರಿತ್ತು. ಈಗ ಆರಕ್ಕ ಬಡ್ತಿ ಆತ್ರಿ ಸರ."